ಮಾಫಿ ಕೇಳದೆ ಬಿಟ್ಟ ಮನೆ

“ಊರೆಲ್ಲಾ ತಿರುಗಿ ಮಾಫಿ ಕೇಳಿದ್ರಿ. ಶರಣಪ್ಪನ ಮನಿಗಿ ಹೋಗಿದ್ರೇನು?”

ಅರಾಫಾತಿನ ಗುಡ್ಡದ ಮೇಲೆ ದುವಾಕ್ಕೆ ಎತ್ತಿದ್ದ ನನ್ನ ಕೈಗಳು ಹೆಂಡತಿಯ ಈ ಮಾತಿಗೆ ಅಲ್ಲೇ ನಿಂತವು. ಹಜ್‌ಗೆ ಹೊರಡುವ ಮುಂಚೆ ಮನೆಮನೆಗೆ ಹೋಗಿ, ತಪ್ಪಾಗಿದ್ದರೆ ಮಾಫ್ ಮಾಡ್ರಿ ಎಂದು ಕೇಳುವುದು ನಮ್ಮ ಪದ್ಧತಿ. ಭಂಕೂರಿನಲ್ಲಿ ಆ ಒಂದೇ ಮನೆ ಬಿಟ್ಟಿದ್ದೆ. ನನ್ನ ಕಲ್ಲು ಕೊಯ್ಯುವ ಮಷಿನ್ನಿನ ಬ್ಲೇಡು ಕಾಣದಾದಾಗ ನಾಲ್ಕು ಮಂದಿ ಎದುರು, ನನ್ನಲ್ಲಿ ಕೆಲಸಕ್ಕಿದ್ದ ಶರಣಪ್ಪನನ್ನು ಕಳ್ಳ ಎಂದಿದ್ದೆ. ಅವನು ಅವತ್ತೇ ಕೆಲಸ ಬಿಟ್ಟ. ವಾರದ ಮೇಲೆ ಬ್ಲೇಡು ನನ್ನ ಮನೆಯಲ್ಲೇ ಸಿಕ್ಕಿತು. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ಗುಡ್ಡದ ಮೇಲಿಂದಲೇ ಶರಣಪ್ಪನಿಗೆ ಫೋನ್ ಹಚ್ಚಿ, ಬ್ಲೇಡು ಸಿಕ್ಕಿದ್ದು ಹೇಳಿ ಮಾಫಿ ಕೇಳಿದೆ. ಪೂರ್ತಿ ಕೇಳಿಸಿಕೊಂಡು ಅವನು ಅಂದ:

“ಕಳ್ಳ ಅಂದಿದ್ದು ನಾಲ್ಕು ಮಂದಿ ಮುಂದ, ಮಾಫಿ ಫೋನಿನಾಗ ಯಾಕ್ರಿ? ಊರಿಗಿ ಬಂದು ಆ ನಾಲ್ಕು ಮಂದಿ ಮುಂದೇ ಕೇಳ್ರಿ.”

ಆಮೇಲೆ ಮದೀನಾದ ಕುಬಾ ಮಸೀದಿ, ಉಹುದ್ ಬೆಟ್ಟ ಎಲ್ಲಾ ತಿರುಗಿದೆ. ಎಲ್ಲಿಯೂ ಒಂದು ಕಡೆ ಕುಂತು ದುವಾ ಮಾಡಲಿಕ್ಕೆ ಆಗಲಿಲ್ಲ.

ಊರಿಗೆ ಬಂದಾಗ ಜನ ಹಾಜಿಸಾಬ್ ಎಂದು ನನ್ನ ಕೈ ಕಣ್ಣಿಗೊತ್ತಿಕೊಂಡರು. ಶರಣಪ್ಪನೂ ಬಂದು ಕುಂತ. ಆ ನಾಲ್ವರೂ ಅಲ್ಲೇ ಇದ್ದರು. ಅವನು ನನ್ನ ಮುಖ ನೋಡಿದ. ನಾನು ಬಂದವರಿಗೆ ಹಂಚುತ್ತಿದ್ದ ಖರ್ಜೂರದಲ್ಲಿ ಇನ್ನೊಂದನ್ನು ಅವನ ಕೈಗೆ ಕೊಟ್ಟೆ.

ನಾನು ಇದನ್ನು ಬರೆದು ಕಳಿಸಿದ ಈ ಪೇಪರ್ ನಮ್ಮೂರ ಚಹಾದಂಗಡಿಗೆ ಬರುತ್ತದೆ. ಆ ನಾಲ್ವರೂ ದಿನಾ ಅಲ್ಲೇ ಕೂಡುತ್ತಾರೆ. ಯಾರಾದರೂ ಒಬ್ಬರು ಜೋರಾಗಿ ಓದ್ರಿ: ಶರಣಪ್ಪ ಕಳ್ಳ ಅಲ್ಲ.