ಶೇಂಗಾ ಉಂಡೆಯ ಮೇಲಿನ ಅನುಮಾನ

ನಾನು ಯಾರನ್ನೂ ಸುಲಭವಾಗಿ ನಂಬುವವಳಲ್ಲ. ಅಕ್ಕಲಕೋಟೆಯ ತಾಲೂಕು ಓಟದಲ್ಲಿ ನನ್ನ ಮಗಳು ಕೊನೆಯ ತಿರುವಿನವರೆಗೂ ಎಲ್ಲರಿಗಿಂತ ಮುಂದಿದ್ದಳು. ಅಲ್ಲಿಂದ ಕಾಲು ಸೋತವಳಂತೆ ಎರಡನೆಯವಳಾದಳು. ನನಗೆ ಥಟ್ಟನೆ ನೆನಪಾದದ್ದು ಶೇಂಗಾ ಉಂಡೆ. ಗೆದ್ದ ಹುಡುಗಿಯ ತಾಯಿ ಓಟಕ್ಕೆ ಮುಂಚೆ ನಗುನಗುತ್ತಾ ನನ್ನ ಮಗಳಿಗೆ ಅದನ್ನು ತಿನ್ನಿಸಿದ್ದಳು. ಗುರುತು ಪರಿಚಯವಿಲ್ಲದವಳಿಗೆ ಅಷ್ಟೊಂದು ಅಕ್ಕರೆ ಎಲ್ಲಿಂದ ಬಂತು?

ಎರಡನೆಯವಳಾದರೂ ಸೊಲ್ಲಾಪುರದ ಜಿಲ್ಲಾ ಓಟಕ್ಕೆ ಆಯ್ಕೆಯಾದಳು. ಅಲ್ಲಿಂದ ಮುಂದೆ ಹೋಗುವವಳು ಮಾತ್ರ ಒಬ್ಬಳೇ. ನಮ್ಮೂರು ವಾಗದರಿಗೆ ಮರಳಿದ ಮೇಲೆ ಮಗಳು ಸರಿಯಾಗಿ ಉಣ್ಣಲಿಲ್ಲ, ಮಾತಾಡಲಿಲ್ಲ. ಓಟ ಕಲಿಸುವ ಸರ್ "ಟೆನ್ಶನ್ ಘೇಊ ನಕೋ", ಚಿಂತೆ ಮಾಡಬೇಡ ಎಂದು ಮರಾಠಿಯಲ್ಲಿ ಹೇಳಿ ಬೆನ್ನು ತಟ್ಟಿ ಕೈತೊಳೆದುಕೊಂಡರು. ನನಗೆ ಅವರ ಮೇಲೂ ಅನುಮಾನ. ಅವರು ಕೊಟ್ಟ ಗ್ಲುಕೋಸ್ ಪುಡಿಯನ್ನು ನಾನೇ ಮೊದಲು ನೆಕ್ಕಿ ನೋಡಿದೆ. ಸಿಹಿಯಾಗಿತ್ತು, ಅಷ್ಟೇ.

ಕುರಿಗಳನ್ನು ನೋಡಿಕೊಳ್ಳಲು ಗಂಡ ಊರಲ್ಲೇ ಉಳಿದ. ನಾನು ಸೊಲ್ಲಾಪುರದ ಮೈದಾನದಲ್ಲಿ ಮಗಳ ನೀರಿನ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು ಕೂತೆ. ಉಂಡೆಯವಳು ಮತ್ತೆ ಡಬ್ಬಿ ಹಿಡಿದು ಬಂದಳು.

"ಬ್ಯಾಡ್ರಿ, ಆಕಿಗಿ ಶೇಂಗಾ ಆಗಿಬರಂಗಿಲ್ಲ" ಎಂದು ಸುಳ್ಳು ಹೇಳಿ ಸಾಗಹಾಕಿದೆ. ಮಗಳ ಕೈ ಮುಟ್ಟಿದರೆ ತಣ್ಣಗಿತ್ತು.

"ಅವತ್ತ ಆಕಿ ಏನರ ತಿನಿಸ್ಯಾಳೇನ? ಖರೆ ಹೇಳು."

"ಯಾರೂ ಏನೂ ಮಾಡಿಲ್ಲವ್ವ. ನಾ ಗೆದ್ರ ನೀ ಟಗರು ಕಡಸ್ತಿ."

ಮಗಳು ಗೆದ್ದರೆ ನಮ್ಮ ಮನೆದೇವರು ಬೀರೋಬನಿಗೆ ಕರಿ ಟಗರು ಬಲಿ ಕೊಡುತ್ತೇನೆಂದು ಹರಕೆ ಹೊತ್ತವಳು ನಾನೇ. ಕುರಿ ಸಾಕುವ ಮನೆಯಲ್ಲಿ ಅದೇನು ದೊಡ್ಡ ಮಾತಲ್ಲ. ಆದರೆ ಆ ಟಗರು ತಬ್ಬಲಿ ಮರಿಯಾಗಿದ್ದಾಗ ಬಾಟಲಿ ಹಾಲು ಕುಡಿಸಿ ಬದುಕಿಸಿದವಳು ಇವಳು. ಬೆಳಗಿನ ಓಟದಲ್ಲಿ ಅದೂ ಇವಳ ಹಿಂದೆಯೇ ಓಡುತ್ತಿತ್ತು. ತಾಲೂಕು ಓಟಕ್ಕೆ ಮುಂಚೆ ನಾನು ಹರಕೆ ಹೊತ್ತಾಗ ಪಕ್ಕದಲ್ಲೇ ನಿಂತಿದ್ದಳು, ತುಟಿ ಪಿಟಕ್ಕೆನ್ನಲಿಲ್ಲ.

"ಕಡಸಂಗಿಲ್ಲ ಬಿಡು. ದೇವರಿಗಿ ತಪ್ಪಾತಂತ ಕಾಯಿ ಒಡೀತೀನಿ."

"ಭಂಡಾರ ಮುಟ್ಟಿ ಹೇಳು."

ಎಷ್ಟಾದರೂ ನನ್ನ ಮಗಳು. ಚೀಲದಲ್ಲಿದ್ದ ಬೀರೋಬನ ಅರಿಶಿನವನ್ನು ಅಂಗೈಯಲ್ಲಿ ಹಿಡಿದು ಆಣೆ ಮಾಡಿದೆ. ಅವಳು ತಿರುತಿರುಗಿ ನನ್ನ ಮುಖ ನೋಡುತ್ತಾ ಹೋಗಿ ಗೆರೆಯ ಮೇಲೆ ನಿಂತಳು.

ಈ ಸಲ ಕೊನೆಯ ತಿರುವಿನಲ್ಲಿ ಕಾಲು ಸೋಲಲಿಲ್ಲ. ಮೊದಲನೆಯವಳಾಗಿ ಬಂದಳು. ಸರ್ ಕುಣಿದಾಡಿದರು, ನಾನು ಅತ್ತೇಬಿಟ್ಟೆ. ಮಗಳು ಏದುಸಿರು ಬಿಡುತ್ತಾ ನೇರ ನನ್ನ ಹತ್ತಿರ ಬಂದು ಕೈ ಚಾಚಿದಳು.

"ಫೋನ್ ಕೊಡು. ಅಪ್ಪಗ ವಿಡಿಯೊ ಕಾಲ್ ಹಚ್ಚತೀನಿ, ಟಗರು ಇನ್ನಾ ಐತೇನ ತೋರಸಲಿ."