ನಾನು ಹೇಳಿಕೊಟ್ಟ ಉತ್ತರಗಳು

ಮೂಡುಬಿದಿರೆಯಲ್ಲಿ ನನ್ನ ಅಣ್ಣನ ಮಗಳ ಮದುವೆ. ಹಾಲ್‌ನ ಬಾಗಿಲ ಬಳಿ ನಿಂತು ನನ್ನ ಹೆಂಡತಿ ಸುಮತಿ ಉಡುಗೊರೆಯ ಕವರಿನ ಮೇಲೆ ಹೆಸರು ಬರೆಯುತ್ತಿದ್ದಳು. ಕಕ್ಕಿಂಜೆ ಕಡೆಯ ಒಂದು ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತಳಾದವಳು. ಅರ್ಧ ಊರಿನ ವಿಳಾಸಗಳನ್ನು ಬರೆದ ಕೈ ಅದು. "ಸುಮತಿ ಮತ್ತು" ಎಂದು ಬರೆದು ನಿಲ್ಲಿಸಿದಳು. ನನ್ನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ, ಬರೆಯಲು ಮಾತ್ರ ಯಾವ ಸಂಕೋಚವೂ ಇರಲಿಲ್ಲ. ತಮಾಷೆ ಎಂದುಕೊಂಡೆ.

"ನೀವೇ ಬರೀರಿ," ಎಂದು ಕವರನ್ನು ನನ್ನ ಕೈಗಿಟ್ಟಳು.

ತಮಾಷೆ ಆಗಿರಲಿಲ್ಲ.

ಮಂಗಳೂರಿನಲ್ಲಿ ಎಂಆರ್‌ಐ ಆಯಿತು. ನ್ಯೂರಾಲಜಿಸ್ಟ್ ಆಲ್‌ಝೈಮರ್ಸ್ ಎಂದರು. ಗುಣಪಡಿಸುವ ಮದ್ದಿಲ್ಲ, ಸ್ವಲ್ಪ ನಿಧಾನ ಮಾಡಬಹುದು ಎಂದರು. ಬಂಟ್ವಾಳಕ್ಕೆ ವಾಪಸು ಬರುವ ಬಸ್ಸಿನಲ್ಲಿ ಸುಮತಿ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ನಮಗೆ ಮಕ್ಕಳಿಲ್ಲ. ಕಾಯಿಲೆಯ ಹೆಸರು ಗೊತ್ತಾದ ಮೇಲೆ ನೆಂಟರು ಫೋನಿನಲ್ಲೇ ಮಾತು ಮುಗಿಸತೊಡಗಿದರು. ಪಕ್ಕದ ಮನೆಯವರು ತನ್ನ ಬಳೆ ಕದ್ದರೆಂದು ಸುಮತಿ ಒಂದು ದಿನ ಕೂಗಾಡಿದಳು. ಬಳೆ ಅಕ್ಕಿ ಡಬ್ಬಿಯಲ್ಲಿತ್ತು. ನಾನು ಹೋಗಿ ಕೈಮುಗಿದರೂ ಅವರು ಮತ್ತೆ ಬರಲಿಲ್ಲ. ಅವರನ್ನು ದೂರುವುದು ನ್ಯಾಯವಲ್ಲ, ಗೊತ್ತು. ಆದರೂ ದೂರುತ್ತೇನೆ.

ಆ ಹೊತ್ತಿಗೆ ಬಂದದ್ದು ಗ್ರಾಂಟ್. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮರೆವಿನ ರೋಗಿಗಳನ್ನು ಎರಡು ವರ್ಷ ಗಮನಿಸುವ ಸಂಶೋಧನೆಗೆ ಸಿಕ್ಕಿದ ಅನುದಾನ. ಈ ಕಾಯಿಲೆ ನಮ್ಮ ಕಡೆಯ ಮನೆಗಳಲ್ಲಿ ಹೇಗೆ ಮುಂದುವರಿಯುತ್ತದೆ ಎಂದು ತಿಳಿಯುವುದು ಅದರ ಉದ್ದೇಶ. ಡಾಕ್ಟರು ಸುಮತಿಯ ಹೆಸರನ್ನೂ ಸೇರಿಸಿದರು.

ನನ್ನ ಪಾಲಿಗೆ ಗ್ರಾಂಟ್ ಎಂದರೆ ದೀಪ್ತಿ. ಸಂಶೋಧನೆಯ ಕೆಲಸಕ್ಕೆ ಸೇರಿದ್ದ ಈ ಹುಡುಗಿ ತಿಂಗಳಿಗೊಮ್ಮೆ ಮೂಡುಬಿದಿರೆಯಿಂದ ಬಸ್ಸು ಹಿಡಿದು ಬರುತ್ತಿದ್ದಳು. ಸುಮತಿಯ ಬಿಪಿ ನೋಡಿ, ಫಾರಂ ತುಂಬಿಸಿ, ಹೊರಡುವ ಮುಂಚೆ "ನಿಮ್ಮ ಊಟ ಆಯ್ತಾ ಸರ್?" ಎಂದು ಕೇಳುತ್ತಿದ್ದಳು. ತಿಂಗಳಿಡೀ ನನ್ನನ್ನು ಅಷ್ಟು ಕೇಳುವವಳು ಅವಳೊಬ್ಬಳೇ. ಅವಳು ಬರುವ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದೆ. ನಗುವವರು ನಗಲಿ.

ಆರು ತಿಂಗಳಿಗೊಮ್ಮೆ ಮೆಮೊರಿ ಟೆಸ್ಟ್. ಮೊದಲನೆಯದರಲ್ಲಿ ಮೂವತ್ತಕ್ಕೆ ಹದಿನೆಂಟು ಬಂತು.

"ಇನ್ನೂ ಕಡಿಮೆ ಆದರೆ?" ಎಂದು ಕೇಳಿದೆ.

"ಇದು ಶುರುವಿನ ಹಂತದವರ ಸ್ಟಡಿ ಸರ್. ತೀರಾ ಕಡಿಮೆ ಆದ್ರೆ ಇದರಲ್ಲಿ ಇಟ್ಕೊಳ್ಲಿಕ್ಕೆ ಆಗ್ಲಿಕ್ಕಿಲ್ವೋ ಏನೋ."

ಅವಳು ಸುಮ್ಮನೆ ಹೇಳಿದ ಮಾತು. ನನ್ನ ತಲೆಯಲ್ಲಿ ಅದು ಗಟ್ಟಿಯಾಗಿ ಕೂತುಬಿಟ್ಟಿತು.

ನಾನು ಬಂಟ್ವಾಳದಲ್ಲಿ ಮೂವತ್ತು ವರ್ಷ ಟ್ಯೂಶನ್ ನಡೆಸಿದವನು. ಎಸ್ಸೆಸ್ಸೆಲ್ಸಿಯಲ್ಲಿ ಎರಡೆರಡು ಸಲ ಡುಮ್ಕಿ ಹೊಡೆದವರನ್ನು ಪಾಸು ಮಾಡಿಸುವುದೇ ನನ್ನ ಕಸುಬು. ಪ್ರಶ್ನೆಪತ್ರಿಕೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ನನ್ನನ್ನು ತಡೆಯುವವರು ಯಾರು? ಮರುದಿನದಿಂದಲೇ ಚಹಾ ಆದ ಕೂಡಲೇ ಕ್ಲಾಸು. ಇವತ್ತು ಯಾವ ವಾರ? ಯಾವ ತಿಂಗಳು? ಇದು ಯಾವ ಊರು? ನೆನಪಿಡಬೇಕಾದ ಮೂರು ಪದಗಳು: ಮಾವು, ಕುರ್ಚಿ, ನಾಣ್ಯ. ನಮ್ಮದು ಮನೆಯಲ್ಲಿ ತುಳು, ಟೆಸ್ಟ್ ಕನ್ನಡದಲ್ಲಿ. ಹಾಗಾಗಿ ಕ್ಲಾಸೂ ಕನ್ನಡದಲ್ಲೇ. ತಪ್ಪಿದರೆ ಮತ್ತೊಮ್ಮೆ, ಮಗದೊಮ್ಮೆ. ಒಂದೆರಡು ಸಲ ಗದರಿದ್ದೂ ಉಂಟು. ಅವಳು ಅತ್ತ ದಿನ ಕೂಡ ನಾನು ಪಾಠ ನಿಲ್ಲಿಸಲಿಲ್ಲ.

ಎರಡನೆಯ ಟೆಸ್ಟಿನಲ್ಲಿ ಇಪ್ಪತ್ತೆರಡು ಬಂತು.

ದೀಪ್ತಿ ಖುಷಿಯಿಂದ ಸುಮತಿಯ ಕೈ ಕುಲುಕಿದಳು. ಎರಡೇ ದಿನದಲ್ಲಿ ಸಂಶೋಧನೆಯ ಡಾಕ್ಟರೇ ಫೋನ್ ಮಾಡಿದರು. "ಅಂಕ ಏರಿದ್ದು ಇವರೊಬ್ಬರದ್ದೇ. ಗ್ರಾಂಟ್ ಮುಂದುವರಿಸುವ ಬಗ್ಗೆ ನೋಡ್ಲಿಕ್ಕೆ ಸಮಿತಿಯವರು ಬೆಳ್ತಂಗಡಿಗೆ ಬರ್ತಾರೆ. ಮನೆಯ ಆರೈಕೆಯಿಂದ ಏನಾಗ್ತದೆ ಅಂತ ನೀವು ಎರಡು ಮಾತು ಹೇಳಬೇಕು." ನಾನು ಉಬ್ಬಿಹೋದೆ. ಭಾಷಣ ಬರೆದುಕೊಂಡೆ.

ಸಭೆಗೆ ನಾಲ್ಕು ದಿನ ಇರುವಾಗ ಗಂಜಿಯ ಬಿಸಿ ತಿಳಿ ಸುಮತಿಯ ಕೈಮೇಲೆ ಚೆಲ್ಲಿತು. ಓಡಿಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿ, ಎಲ್ಲಿ ಉರಿಯುತ್ತದೆ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಮಾವು, ಕುರ್ಚಿ, ನಾಣ್ಯ."

ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಆದರೂ, ಸರಿಯಾಯಿತಾ ಎಂದು ಕಾಯುತ್ತಿದ್ದಳು. ಅಂಥ ನೋಟವನ್ನು ಮೂವತ್ತು ವರ್ಷ ಟ್ಯೂಶನ್ ಮಕ್ಕಳ ಮುಖದಲ್ಲಿ ನೋಡಿದ್ದೇನೆ. ಅದು ನನ್ನನ್ನು ಕಂಡರೆ ಆಗುವ ಹೆದರಿಕೆ. ನೋವನ್ನು ಹೇಳಿಕೊಳ್ಳಬೇಕಾದ ಬಾಯಿಗೆ ನಾನು ಉತ್ತರ ತುರುಕಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬೆಳ್ತಂಗಡಿಗೆ ಅವಳನ್ನೂ ಕರೆದುಕೊಂಡು ಹೋದೆ. ಮನೆಯಲ್ಲಿ ಬಿಟ್ಟುಹೋಗಲು ಯಾರಿದ್ದಾರೆ? ನನ್ನ ಸರದಿ ಬಂದಾಗ ಭಾಷಣದ ಹಾಳೆ ಕಿಸೆಯಿಂದ ತೆಗೆಯಲಿಲ್ಲ.

"ಈ ಇಪ್ಪತ್ತೆರಡು ಸುಮತಿಯದ್ದಲ್ಲ, ನನ್ನದು. ಉತ್ತರ ಬಾಯಿಪಾಠ ಮಾಡಿಸಿದ್ದೇನೆ," ಎಂದೆ.

ದೀಪ್ತಿಯ ಪಕ್ಕ ಕೂತಿದ್ದ ಡಾಕ್ಟರು ತಲೆ ತಗ್ಗಿಸಿದರು. ಸಮಿತಿಯಲ್ಲಿದ್ದ ಹಿರಿಯ ಮಹಿಳೆ ಕೇಳಿದರು: "ಯಾಕೆ ಹೀಗೆ ಮಾಡಿದ್ರಿ?"

"ಇವಳು ಫೇಲಾದರೆ ಈ ಹುಡುಗಿ ಬರುವುದು ನಿಲ್ಲಿಸ್ತಾಳೆ ಅಂತ. ನಮ್ಮ ಮನೆಗೆ ಬೇರೆ ಯಾರೂ ಬರುವುದಿಲ್ಲ ಮೇಡಂ."

ಆ ಮಹಿಳೆ ಏನನ್ನೋ ಬರೆದುಕೊಂಡರು.

ದೀಪ್ತಿ ಬಸ್‌ಸ್ಟ್ಯಾಂಡಿನವರೆಗೂ ನಮ್ಮ ಜೊತೆ ಬಂದಳು. ಸಿಟ್ಟಿತ್ತು, ಇರಬೇಕಾದದ್ದೇ. "ಮೊದಲೇ ನನ್ನ ಹತ್ರ ಹೇಳ್ಬಹುದಿತ್ತಲ್ಲ ಸರ್? ಎರಡು ವರ್ಷ ಮುಗಿಯುವವರೆಗೆ ಯಾರ ಹೆಸರನ್ನೂ ತೆಗೆಯುವುದಿಲ್ಲ. ನಾನು ಅವತ್ತು ಸರಿಯಾಗಿ ಗೊತ್ತಿಲ್ಲದೆ ಹೇಳಿದ್ದು." ಅವಳ ಕಣ್ಣೂ ಒದ್ದೆಯಾಗಿತ್ತು. ಆ ಇಪ್ಪತ್ತೆರಡು ಅಂಕವನ್ನು ಹೊಡೆದುಹಾಕಿದರು. ಎರಡು ವರ್ಷದ ಆಚೆ ಗ್ರಾಂಟ್ ಉಂಟೋ ಇಲ್ಲವೋ, ಇನ್ನೂ ತಿಳಿದಿಲ್ಲ.

ಕಳೆದ ವಾರ ಬೇರೆ ಪದಗಳನ್ನಿಟ್ಟುಕೊಂಡು ಮತ್ತೆ ಟೆಸ್ಟ್ ಮಾಡಿದಳು. ನಾನೇ ಎದ್ದು ಜಗಲಿಗೆ ಹೋದೆ. ಒಳಗಿನಿಂದ ಪ್ರಶ್ನೆಗಳಷ್ಟೇ ಕೇಳುತ್ತಿದ್ದವು, ಉತ್ತರಗಳು ಬಹಳ ಕಡಿಮೆ. ಹನ್ನೆರಡು ಬಂತಂತೆ. ಒಂದೊಂದು ಮೌನಕ್ಕೂ ಎದ್ದುಹೋಗಿ ಹೇಳಿಕೊಡಬೇಕು ಎನಿಸುತ್ತಿತ್ತು. ಕುರ್ಚಿಯ ಕೈ ಹಿಡಿದು ಕೂತೇ ಇದ್ದೆ.

ಬಾಗಿಲು ತೆರೆದು ಸುಮತಿ ಹೊರಗೆ ಬಂದಳು. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಸರಿಯೋ ತಪ್ಪೋ ಎಂಬ ಹೆದರಿಕೆ ಮುಖದಲ್ಲಿ ಇರಲಿಲ್ಲ. ದೀಪ್ತಿಯ ಕಡೆ ತಿರುಗಿ ಮೆಲ್ಲಗೆ, ತುಳುವಿನಲ್ಲಿ ಹೇಳಿದಳು:

"ಇವರಿಗೆ ಒಂದು ಚಹಾ ಕೊಡು ಮಗ. ಪಾಪ, ಆಗಿನಿಂದ ಒಬ್ಬರೇ ಕೂತಿದ್ದಾರೆ."