ಅವಲಕ್ಕಿ ತಿನ್ನಿಸದ ರಾಕ್ಷಸ

ಗೆಳೆಯರೇ, ಕಷ್ಟದ ವಿಡಿಯೊ ಗೇಮ್ ಆಡಿದರೆ ಬದುಕಿನಲ್ಲಿ ಛಲ ಹುಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ. ಕನ್ಯೆ ನೋಡಲು ಹೋದ ಮನೆಯಲ್ಲಿ ಮಾತ್ರ ಅದನ್ನು ಬಾಯಿಬಿಡಬೇಡಿ.

ಇವತ್ತು ನಾನು, ಅವ್ವ, ಸೋದರಮಾವ ಬೈಲಹೊಂಗಲದಿಂದ ಸವದತ್ತಿಗೆ ಹೋಗಿದ್ದೆವು. ಅವಲಕ್ಕಿ ಬಂತು, ಹುಡುಗಿ ಬಂದಳು. ಅವಳ ಅಪ್ಪ ಕೇಳಿದರು, "ಹೊಲದ ಕೆಲಸ ಮುಗದ ಮ್ಯಾಲೆ ಏನ್ ಮಾಡ್ತೀರಿ?"

"ಗೇಮ್ ಆಡ್ತೇನ್ರಿ. ಒಂದೊಂದು ರಾಕ್ಷಸನ್ನ ಕೊಲ್ಲಾಕ ತಿಂಗಳಗಟ್ಟಲೆ ಸೋಲಬೇಕು. ಅದರಾಗೂ ಒಂದು ಮಜಾ ಐತ್ರಿ."

ಹುಡುಗಿ ತಲೆ ಎತ್ತಿ ನೋಡಿದಳು. ನನಗೆ ಹುರುಪು ಬಂತು. "ಅದಕ್ಕ ನಾ ಯಾವುದನ್ನೂ ಅರ್ಧಕ್ಕ ಬಿಡಂಗಿಲ್ರಿ. ಎಷ್ಟು ಸೋತ್ರೂ ಮತ್ತ ಎದ್ದು ನಿಲ್ತೇನಿ."

ನನಗೆ ನೆರವಾಗಲೆಂದು ಮಾವ ನಡುವೆ ಬಾಯಿ ಹಾಕಿದ. "ಖರೇ ಐತ್ರಿ! ಇಷ್ಟು ಮಂದಿ ಕನ್ಯಾ ಕೊಡಂಗಿಲ್ಲ ಅಂದ್ರೂ, ಇವತ್ತ ಹೆಂಗ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಾನ ನೋಡ್ರಿ!"

ಅವ್ವ ಚಹಾದ ಕಪ್ಪಿನಿಂದ ಮುಖ ಎತ್ತಲೇ ಇಲ್ಲ. ಹುಡುಗಿಯ ಅಪ್ಪ ಎದ್ದು ನಿಂತರು. "ಮನ್ಯಾಗ ವಿಚಾರ ಮಾಡಿ ಫೋನ್ ಹಚ್ತೇವ್ರಿ." ಈ ಮಾತಿನ ಅರ್ಥವನ್ನು ನಮ್ಮ ಕಡೆಯ ಒಕ್ಕಲುತನದ ಹುಡುಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ವಾಪಸ್ ಬರುವಾಗ ಮಾವ, "ಮುಂದಿನ ಸೋಮವಾರ ರಾಮದುರ್ಗಕ್ಕ ಹೋಗೂಣು" ಎಂದ. ನಾನು ಹೂಂ ಎಂದೆ. ಮನೆಗೆ ಬಂದವನೇ ಅದೇ ಅಂಗಿಯನ್ನು ಒಗೆಯಲು ಹಾಕಿದೆ. ಛಲ ಇನ್ನೂ ಇದೆ ಗೆಳೆಯರೇ, ಆಸೆಯೇ ಸತ್ತಿದೆ.

ಆಟದ ರಾಕ್ಷಸನೇ ವಾಸಿ. ಕೊಲ್ಲುವುದಿದ್ದರೆ ಅಲ್ಲೇ ಕೊಲ್ಲುತ್ತಾನೆ. ಅವಲಕ್ಕಿ ತಿನ್ನಿಸಿ, ಆಮೇಲೆ ಫೋನ್ ಮಾಡುತ್ತೇನೆ ಅನ್ನುವುದಿಲ್ಲ.